ಸುಣ್ಣ ಹಚ್ಚಿದ ಗಿಡಗಳು

೧೯೯೬ರಲ್ಲಿ ನಾನು ಶಿಕಾರಿಪುರದಲ್ಲಿ ರೇಂಜ್ ಫಾರೆಸ್ಟ್ ಆಫೀಸರ್ ಆಗಿದ್ದೆ. ಊರಂಚಿನ ಹೊಸ ಬಡಾವಣೆಗಳ ಪಕ್ಕದ ಬೋಳು ಜಾಗಗಳಲ್ಲಿ ನಿಸರ್ಗ ಉದ್ಯಾನ ಬೆಳೆಸುವ ಕೆಲಸ ಆಗ ಎರಡನೇ ವರ್ಷಕ್ಕೆ ಬಂದಿತ್ತು. ಶಿಕಾರಿಪುರದ ಉದ್ಯಾನ ನನ್ನದು, ಸೊರಬದ್ದು ಅಲ್ಲಿನ ರೇಂಜರ್ ಶಿವಾನಂದನದು. ಅವನು ನನ್ನ ಕೈಕೆಳಗೆ ಕೆಲಸ ಕಲಿತವನು. ಗಿಡದ ಗುಂಡಿ ಎಷ್ಟು ಆಳವಿರಬೇಕೆಂದು ಹೇಳಿಕೊಟ್ಟವನೇ ನಾನು.

ನಾನು ಮುಳ್ಳುತಂತಿ ಹಾಕಿಸಿ, ಗೇಟಿಗೆ ಬೀಗ ಜಡಿಸಿ, ಬೇಗ ಹಸಿರು ಕಾಣುವ ಅಕೇಶಿಯಾ ನೆಡಿಸಿದೆ. ಬಡಾವಣೆಯವರು ತಂತಿಯಾಚೆಯಿಂದ ಕಸ ಎಸೆದರು. ಶಿವಾನಂದ ತಂತಿಯನ್ನೇ ಹಾಕಲಿಲ್ಲ. ನೆಲ್ಲಿ, ಹೊನ್ನೆ, ಮತ್ತಿ ನೆಟ್ಟು, ಮನೆಗೆ ಹತ್ತು ಗಿಡದಂತೆ ಪಕ್ಕದ ಬಡಾವಣೆಯ ಹೆಂಗಸರಿಗೆ ಒಪ್ಪಿಸಿಬಿಟ್ಟ. ಅವರು ಅಕ್ಕಿ ತೊಳೆದ ನೀರು ತಂದು ಹುಯ್ಯುತ್ತಿದ್ದರು, ಉದುರಿದ ಎಲೆಯನ್ನು ಬುಡಕ್ಕೆ ಮುಚ್ಚುತ್ತಿದ್ದರು. ಪ್ರತಿ ತಿಂಗಳ ಮೀಟಿಂಗಿನಲ್ಲಿ ಮೇಲಧಿಕಾರಿಗಳದ್ದು ಒಂದೇ ಮಾತು: "ಒಂದ್ಸಲ ಸೊರಬಕ್ಕೆ ಹೋಗಿ ನೋಡ್ಕೊಂಡು ಬನ್ರೀ." ಅದನ್ನು ನನ್ನ ಕಡೆ ತಿರುಗಿಯೇ ಹೇಳುತ್ತಿದ್ದರು. ನನ್ನ ಹೊಟ್ಟೆ ಉರಿಯುತ್ತಿತ್ತು. ಊಟಕ್ಕೆ ಕೂತರೂ ಅವನದೇ ಧ್ಯಾನ. ಅವನಿಗೆ ವರ್ಗವಾಗಲಿ ಎಂದು ಹರಕೆ ಹೊತ್ತಿರಲಿಲ್ಲ, ಅಷ್ಟೇ.

ಮಾರ್ಚ್ ತಿಂಗಳಲ್ಲಿ ಸರ್ವೈವಲ್ ಕೌಂಟ್ ಬಂತು. ನೆಟ್ಟ ಗಿಡಗಳಲ್ಲಿ ಬದುಕಿರುವುದೆಷ್ಟು ಎಂಬ ಎಣಿಕೆ ಅದು. ಒಬ್ಬರ ಕೆಲಸವನ್ನು ಪಕ್ಕದ ರೇಂಜಿನವರು ಎಣಿಸಬೇಕು. ಸೊರಬದ ಎಣಿಕೆ ನನಗೆ ಬಿತ್ತು. ಅರ್ಧಕ್ಕಿಂತ ಹೆಚ್ಚು ಸತ್ತಿದ್ದರೆ ಉದ್ಯಾನ ರದ್ದಾಗಿ ಜಾಗ ವಾಪಸ್ ಹೋಗುತ್ತಿತ್ತು. ಅಲ್ಲಿ ಸೈಟು ಹಾಕಲು ಜನ ತುದಿಗಾಲಲ್ಲಿ ನಿಂತಿದ್ದರು. ಜೀಪು ಹತ್ತುವಾಗ ನನಗೆ ಎಂದೂ ಇಲ್ಲದ ಹುರುಪು.

ಆ ತಿಂಗಳಲ್ಲಿ ನೆಲ್ಲಿ, ಹೊನ್ನೆ, ಮತ್ತಿ ಎಲೆ ಉದುರಿಸಿ ಬರೀ ಕಡ್ಡಿಯಾಗಿ ನಿಲ್ಲುತ್ತವೆ. ಉಗುರಿನಿಂದ ತೊಗಟೆ ಕೆರೆದು ನೋಡಬೇಕು. ಒಳಗೆ ಹಸಿರಿದ್ದರೆ ಜೀವವಿದೆ, ಕಂದಾಗಿದ್ದರೆ ಸತ್ತಿದೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ಕಲಿಯುವ ಪಾಠ ಇದು. ನಾನು ಮಾತ್ರ ಅಂದು ಕೈಯನ್ನು ಪ್ಯಾಂಟಿನ ಜೇಬಿನಿಂದ ತೆಗೆಯಲೇ ಇಲ್ಲ. ನಡೆಯುತ್ತಾ, ಬೋಳಾಗಿ ಕಂಡ ಪ್ರತಿ ಗಿಡಕ್ಕೂ "ಸತ್ತಿದೆ" ಎಂದೆ. ವಾಚರ್ ನನ್ನ ಹಿಂದೆ ಸತ್ತದ್ದರ ಗುರುತಿಗೆ ಸುಣ್ಣ ಹಚ್ಚುತ್ತಾ ಬಂದ. ಇನ್ನೂರು ಗಿಡಗಳಲ್ಲಿ ನೂರಾ ಹದಿನೆಂಟಕ್ಕೆ ಸುಣ್ಣ ಬಿತ್ತು. ಶಿವಾನಂದ ಜೊತೆಯಲ್ಲೇ ನಡೆಯುತ್ತಿದ್ದ.

ಅಷ್ಟರಲ್ಲಿ ತಪ್ಪಲೆ ಹಿಡಿದು ಒಬ್ಬ ಹೆಂಗಸು ಬಂದರು. ಅವರ ಹೆಸರು ಗಂಗಮ್ಮ, ಎದುರಿನ ಸಾಲುಮನೆಯವರು.

"ಇದೆಂತ ಸಾಹೇಬ್ರೆ, ನನ್ನ ನೆಲ್ಲಿಗೆ ಸುಣ್ಣ ಹಚ್ಚಿದೀರಿ?"

"ಸತ್ತಿದೆಯಮ್ಮ."

"ಎಲೆ ಉದುರಿದ್ರೆ ಸತ್ತಂಗಾ? ಉಗುರು ಹಾಕಿ ನೋಡಿದ್ರಾ?"

ತಪ್ಪಲೆ ಕೆಳಗಿಟ್ಟು, ಸುಣ್ಣದ ಪಕ್ಕದಲ್ಲೇ ಹೆಬ್ಬೆರಳಿನ ಉಗುರಿನಿಂದ ಕೆರೆದರು. ಎಳೇ ಹಸಿರು. ಮುಂದಿನ ಗಿಡಕ್ಕೆ ಹೋಗಿ ಕೆರೆದರು. ಅದೂ ಹಸಿರು. ಆಮೇಲೆ ನನ್ನ ಮುಖ ನೋಡಿದರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ನಿಮಗೆ ಇದನ್ನ ಯಾರು ಹೇಳಿಕೊಟ್ರು?" ಎಂದೆ, ಏನಾದರೂ ಕೇಳಬೇಕಲ್ಲ ಎಂದು.

"ನಮ್ಮ ರೇಂಜರ್ ಸಾಹೇಬ್ರು" ಎಂದು ಶಿವಾನಂದನನ್ನು ತೋರಿಸಿದರು.

ಅವನು ಆಗ ಬಾಯಿ ಬಿಟ್ಟ. "ನನಗೆ ಹೇಳಿಕೊಟ್ಟದ್ದು ನೀವೇ ಅಲ್ವಾ ಸರ್."

ಆ ಮಾತಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ನಾನೂ ಸಿಟ್ಟು ಮಾಡಬಹುದಿತ್ತು. ಎಣಿಕೆ ಬರೆಸಿದ್ದ ಹಾಳೆಯನ್ನು ಹರಿದು ಜೇಬಿಗೆ ಹಾಕಿಕೊಂಡು ಮೊದಲ ಸಾಲಿನಿಂದ ಮತ್ತೆ ಶುರುಮಾಡಿದೆ. ಈ ಸಲ ಪ್ರತಿ ಗಿಡದ ಮುಂದೆ ಬಗ್ಗಿದೆ. ನಿಜವಾಗಿ ಸತ್ತಿದ್ದವು ಇಪ್ಪತ್ತೊಂಬತ್ತು. ವರದಿಯಲ್ಲಿ ಅಷ್ಟನ್ನೇ ಬರೆದೆ. ಸೊರಬದ ಉದ್ಯಾನ ಉಳಿಯಿತು. ಮುಂದಿನ ಮಳೆಗಾಲದಲ್ಲಿ ನನ್ನ ತಂತಿಯನ್ನೂ ಬಿಚ್ಚಿಸಿದೆ.

ಎಲೆಯಿಲ್ಲದ್ದನ್ನು ಸತ್ತಿದೆ ಎಂದು ಬರೆಯುವ ಮೊದಲು ಬಗ್ಗಿ ನೋಡಬೇಕು ಎಂಬುದನ್ನು ನನ್ನ ನೌಕರಿ ಎರಡು ಸಲ ಕಲಿಸಿತು. ಎರಡನೇ ಸಲ ಕಲಿಸಿದವರು ಗಂಗಮ್ಮ. ನಿವೃತ್ತನಾದ ಮೇಲೆ ಒಮ್ಮೆ ಸೊರಬಕ್ಕೆ ಹೋಗಿದ್ದೆ. ನೆಲ್ಲಿಯ ಕೆಳಗೆ ಮಕ್ಕಳು ಕಾಯಿ ಆಯುತ್ತಿದ್ದರು. ನೆರಳಿನಲ್ಲಿ ಕೂತವರೊಬ್ಬರು "ಇದೆಲ್ಲ ಶಿವಾನಂದ ಸಾಹೇಬ್ರು ಮಾಡಿದ್ದು" ಎಂದರು. ನನ್ನ ಹೊಟ್ಟೆಕಿಚ್ಚು ಎಂದೋ ಒಣಗಿಹೋಗಿದೆ ಎಂದುಕೊಂಡಿದ್ದೆ. ಅಂದು ಉಗುರು ಹಾಕಿ ನೋಡಿದೆ, ಇನ್ನೂ ಹಸಿರಾಗಿಯೇ ಇತ್ತು.