ಕೂದಲೆಳೆಯಷ್ಟೂ ಆಚೀಚೆ ಆಗದ ಗೆರೆ

ಆ ಹಲ್ಲಿನ ಕ್ಲಿನಿಕ್ಕಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ‘ಗೆರೆ ಅಕ್ಕ’ ಅಂತ. ಕೆಲಸವೇ ಅದು! ಮುಖದ ಪಕ್ಕದಿಂದ ತೆಗೆದ ಎಕ್ಸ್‌ರೇ ಫಿಲ್ಮನ್ನು ಲೈಟ್ ಬಾಕ್ಸಿನ ಮೇಲಿಟ್ಟು, ಅದರ ಮೇಲೆ ತೆಳು ಟ್ರೇಸಿಂಗ್ ಹಾಳೆ ಅಂಟಿಸಿ, ಹಣೆ, ಮೂಗು, ದವಡೆ, ಗದ್ದ ಅಂತ ಚೂಪು ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುವುದು. ವರ್ಷದ ಮೇಲೆ ಇನ್ನೊಂದು ಫಿಲ್ಮು, ಇನ್ನೊಂದು ಹಾಳೆ. ಎರಡನ್ನೂ ಒಂದರ ಮೇಲೊಂದು ಇಟ್ಟರೆ ದವಡೆ ಎಷ್ಟು ಮುಂದೆ ಬಂದಿದೆ, ಇನ್ನೆಷ್ಟು ಬಂದೀತು, ಎಲ್ಲ ಹೇಳಿಬಿಡುತ್ತಿದ್ದಳು. ಇಪ್ಪತ್ತೆರಡು ವರ್ಷದ ಕೈ! ಅವಳ ಸಹಿ ಕಂಡರೆ ಸಾಕು, ಡಾಕ್ಟರು ಎರಡನೇ ಮಾತಿಲ್ಲದೆ ಆಪರೇಷನ್ನಿಗೆ ದಿನ ಕೊಡುತ್ತಿದ್ದರು.

ರಿಸೆಪ್ಷನ್ನಿನಲ್ಲಿ ಕೂರುವವಳು ಅವಳ ಸ್ವಂತ ತಂಗಿ. ಡಾಕ್ಟರ ಹತ್ತಿರ ಗೋಗರೆದು ಆ ಕೆಲಸ ಕೊಡಿಸಿದ್ದೂ ಅಕ್ಕನೇ. ತಂಗಿಯ ಮಗಳಿಗೆ ಹದಿನಾರು. ಕೆಳದವಡೆ ಮುಂದೆ ಚಾಚಿಕೊಂಡು, ಕಚ್ಚಿದರೆ ಕೆಳಗಿನ ಹಲ್ಲೇ ಮೇಲಿನದರ ಮುಂದೆ ಬರುತ್ತಿತ್ತು. ಬೆಳವಣಿಗೆ ನಿಲ್ಲುವ ಮೊದಲೇ ಆಪರೇಷನ್ ಮಾಡಿದರೆ ದವಡೆ ಮತ್ತೆ ಮುಂದೆ ಬಂದು, ಪಟ್ಟ ಪಾಡೆಲ್ಲ ನೀರುಪಾಲು.

“ದೊಡ್ಡಮ್ಮ, ಕ್ಲಾಸಲ್ಲಿ ನನ್ನ ‘ಡ್ರಾಯರ್’ ಅಂತಾರೆ. ತೆಗೆದದ್ದು ಮುಚ್ಚೇ ಇಲ್ವಂತೆ!” ಅಂತ ಹುಡುಗಿ ನಗುತ್ತಲೇ ಅಳುತ್ತಿದ್ದಳು.

“ಇನ್ನೊಂದು ವರ್ಷ ತಡ್ಕೋ ಪುಟ್ಟಿ. ಹೊಸ ಫಿಲ್ಮ್ ತೆಗೆದು ನೋಡೋಣ.”

ವರ್ಷ ಆಯಿತು. ತಂಗಿಯೇ ಹೊಸ ಫಿಲ್ಮಿನ ಕವರ್ ತಂದಿಟ್ಟಳು. ಅಕ್ಕ ಗೆರೆ ಎಳೆದು, ಹಳೆ ಹಾಳೆಯ ಮೇಲಿಟ್ಟರೆ, ಅಬ್ಬಾ! ಗದ್ದದ ಮೇಲೆ ಗದ್ದ, ದವಡೆಯ ಮೇಲೆ ದವಡೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲ!

“ಫಿಲ್ಮ್ ತೆಗೀವಾಗ ಅಲ್ಲಾಡಲಿಲ್ಲ ತಾನೆ?”

“ಇಲ್ಲ ದೊಡ್ಡಮ್ಮ, ಕಲ್ಲಿನ ಹಾಗೆ ನಿಂತಿದ್ದೆ.”

‘ಬೆಳವಣಿಗೆ ನಿಂತಿದೆ’ ಅಂತ ಬರೆದು ಸಹಿ ಹಾಕಿದಳು. ಆವತ್ತು ಅವಳ ಕಾಲು ನೆಲದ ಮೇಲೆ ಇರಲಿಲ್ಲ!

ಆಪರೇಷನ್ನಿಗೆ ಎರಡು ದಿನ ಇರುವಾಗ ಬೆಳಗ್ಗೆ ಪೆನ್ಸಿಲ್ ಚೂಪು ಮಾಡುತ್ತಾ ಕೂತವಳ ಕೈ ನಿಂತುಹೋಯಿತು. ಕೂದಲೆಳೆಯಷ್ಟೂ ಇಲ್ಲ? ಬೆಳವಣಿಗೆ ನಿಂತು ಹೋದ ಮುದುಕರ ಫಿಲ್ಮುಗಳೂ ಹಾಗೆ ಕೂಡಿದ್ದನ್ನು ಅವಳು ಕಂಡಿರಲಿಲ್ಲ. ತಲೆ ಒಂದು ಚೂರಾದರೂ ವಾಲಿರುತ್ತದೆ.

ಓಡಿಹೋಗಿ ಹುಡುಗಿಯ ಹೊಸ ಫಿಲ್ಮನ್ನು ಕವರಿನಿಂದ ಎಳೆದು ನೋಡಿದಳು. ಆರು ತಿಂಗಳ ಹಿಂದೆ ಹುಡುಗಿಯ ದವಡೆಹಲ್ಲಿಗೆ ಬೆಳ್ಳಿ ತುಂಬಿಸಿದಾಗ ಕೈ ಹಿಡಿದುಕೊಂಡು ಕೂತವಳು ಇವಳೇ. ಫಿಲ್ಮಿನಲ್ಲಿ ಅದು ಬೆಳ್ಳಗೆ ಹೊಳೆಯಬೇಕಿತ್ತು. ಹೊಳೆಯುತ್ತಿರಲಿಲ್ಲ. ಅದು ಹಳೆ ಫಿಲ್ಮಿನ ಇನ್ನೊಂದು ಪ್ರತಿ. ಮೇಲೆ ಹೊಸ ತಾರೀಖಿನ ಚೀಟಿ, ಅಕ್ಷರ ತಂಗಿಯದು.

“ಯಾಕೆ ಹೀಗ್ ಮಾಡ್ದೆ?”

ತಂಗಿ ರಿಜಿಸ್ಟರಿನಿಂದ ತಲೆ ಎತ್ತಲಿಲ್ಲ. “ನಿಜವಾದ ಫಿಲ್ಮ್ ತೋರ್ಸಿದ್ರೆ ಮತ್ತೆ ಕಾಯಿ ಅಂತಿದ್ದೆ ನೀನು. ನಿನ್ನ ಸಹಿ ಇದ್ರೆ ಡಾಕ್ಟ್ರು ತಿರುಗಿ ನೋಡಲ್ವಲ್ಲಾ, ಅದಕ್ಕೇ.”

“ಪುಟ್ಟಿಗೂ ಗೊತ್ತಿತ್ತಾ?”

“ಗೊತ್ತಿಲ್ದೆ ಏನು? ಅಳ್ತಾ ಅಳ್ತಾ ಕೇಳ್ಕೊಂಡಿದ್ದೇ ಅವಳು.”

ಕಲ್ಲಿನ ಹಾಗೆ ನಿಂತಿದ್ದೆ. ಎಷ್ಟು ಸಲೀಸಾಗಿ ಅಂದಿತ್ತು ಆ ಮಗು!

ಮಧ್ಯಾಹ್ನ ಹುಡುಗಿಯನ್ನು ಕರೆಸಿ ಎಕ್ಸ್‌ರೇ ರೂಮಿನಲ್ಲಿ ನಿಲ್ಲಿಸಿ, ತಲೆ ಅಲ್ಲಾಡದಂತೆ ಹಿಡಿಯುವ ಯಂತ್ರದ ಕಡ್ಡಿಗಳನ್ನು ತಾನೇ ಎರಡೂ ಕಿವಿಗೆ ಕೂರಿಸಿದಳು. ಹುಡುಗಿ ಗೋಡೆ ನೋಡುತ್ತಿದ್ದಳು.

“ದೊಡ್ಡಮ್ಮ, ಪ್ಲೀಸ್, ಡಾಕ್ಟ್ರಿಗೆ ಹೇಳ್ಬೇಡ. ಒಂದೇ ಒಂದ್ಸಲ.”

“ಅಲ್ಲಾಡ್ಬೇಡ.”

ಹೊಸ ಗೆರೆಯಲ್ಲಿ ಗದ್ದ ಮೂರು ಮಿಲಿಮೀಟರ್ ಮುಂದಿತ್ತು. ಡಾಕ್ಟರ ಮೇಜಿನ ಮೇಲೆ ಎರಡೂ ಹಾಳೆ ಇಟ್ಟು, ತನ್ನ ಹಳೆ ಸಹಿಯನ್ನು ತಾನೇ ಹೊಡೆದುಹಾಕಿ, ಪಕ್ಕದಲ್ಲಿ ಬರೆದಳು: ‘ಬೆಳೆಯುತ್ತಿದೆ. ಕಾಯಬೇಕು.’

“ಇಷ್ಟು ವರ್ಷದಲ್ಲಿ ನಿಮ್ಮ ಗೆರೆ ತಪ್ಪಿದ್ದೇ ಇಲ್ವಲ್ಲಮ್ಮಾ?” ಅಂದರು ಡಾಕ್ಟರು.

“ಗೆರೆ ತಪ್ಪಿಲ್ಲ ಸರ್,” ಅಂದಳು.

ಸಂಜೆ ಹೊರಡುವಾಗ ತಾಯಿ ಮಗಳು ಬಾಗಿಲಲ್ಲಿ ನಿಂತಿದ್ದರು. ದಿನಾ ಮೂವರೂ ಒಟ್ಟಿಗೆ ಬಸ್ಸಿಗೆ ನಡೆಯುತ್ತಿದ್ದರು. ಅವಳು ಚಪ್ಪಲಿ ಮೆಟ್ಟಿಕೊಂಡು, ರಸ್ತೆಯ ಆಚೆ ಬದಿ ಹಿಡಿದು ಒಬ್ಬಳೇ ಹೋದಳು.