ಅಜ್ಜಿಯ ಮಜ್ಜಿಗೆ ಗಡಿಗೆ

ಓಣಿಗೊಂದು ಗಣಪತಿ, ಗಣಪತಿಗೊಂದು ಮೈಕು ಇದ್ದ ಕಾಲ ಅದು. ನಮ್ಮ ಭರಮಸಾಗರದಲ್ಲಿ ಮೇಲಿನ ಓಣಿಯವರು ಬಾಡಿಗೆಗೆ ದೊಡ್ಡ ಹಾರನ್ ತರುತ್ತಿದ್ದರು. ನಮ್ಮ ಓಣಿಗೆ ಇದ್ದವನು ನಮ್ಮಣ್ಣ ಮಾತ್ರ. ಕೆಟ್ಟ ರೇಡಿಯೋದ ಸ್ಪೀಕರ್ ಬಿಚ್ಚಿ ಮಣ್ಣಿನ ಗಡಿಗೆಯ ಬಾಯಿಗೆ ಕೂರಿಸಿದರೆ ಸದ್ದು ಕೆರೆ ಏರಿಯವರೆಗೂ ಕೇಳುತ್ತದೆ ಎಂದು ಎಲ್ಲರಿಗೂ ಮಾತು ಕೊಟ್ಟಿದ್ದ.

ಯಾವ ಗಡಿಗೆ? ಅವನದು ಕುಂಬಾರರ ಮನೆಯಿಂದ ತಂದ ಹೊಸದು. ನನ್ನದು, ಅಜ್ಜಿಯನ್ನು ಕಾಡಿಬೇಡಿ ತಂದ ಮಜ್ಜಿಗೆ ಗಡಿಗೆ. ಎಷ್ಟು ತೊಳೆದರೂ ಹುಳಿ ವಾಸನೆ. ಯಾವುದರ ಸದ್ದು ಜೋರೆಂದು ನೋಡಲು ಅಣ್ಣ ಪಡಸಾಲೆಯಲ್ಲಿ ಸುಣ್ಣದ ಗೆರೆ ಎಳೆದು, ಅದರ ಮೇಲೆ ಮಾವನ ಟೇಪ್ ರೆಕಾರ್ಡರ್ ಇಟ್ಟ. ಸ್ಪೀಕರನ್ನು ಮನೆಯ ಒಳ್ಳೆ ರೇಡಿಯೋಕ್ಕೆ ಜೋಡಿಸಿ, ಎರಡು ಗಡಿಗೆಗೂ ಒಂದೇ ಸದ್ದು ಬೇಕೆಂದು ಅದರ ಮುಳ್ಳನ್ನು ಯಾವ ಸ್ಟೇಷನ್ನೂ ಸಿಗದ ಕಡೆ ನಿಲ್ಲಿಸಿದ. ಸೊಯ್ಯೆಂದಿತು.

"ಹಾಡು ಕೇಳದು ಬಿಟ್ಟು ಎಣ್ಣಿ ಕಾಯಿಸಿದಂಗೆ ಸೊಯ್ ಅನ್ನದು ಕೇಳ್ತಿರಲ್ಲ, ಏನ್ ಬಂದೈತಲೇ ನಿಮಗೆ?" ಎಂದಳು ಅವ್ವ.

"ಸುಮ್ಕಿರವ್ವ, ನಿನ್ ಮಾತೂ ರೆಕಾರ್ಡ್ ಆಗ್ತೈತೆ!" ಎಂದ ಅಣ್ಣ.

ಹೊಸ ಗಡಿಗೆಯದು ಮುಗಿಯಿತು. ನನ್ನದು ರೆಕಾರ್ಡ್ ಆಗುತ್ತಿದ್ದಾಗ ಅಂಗಳದಲ್ಲಿ ಹುಂಜ ಕೂಗಿತು. ಅಣ್ಣ ಅದನ್ನು ಓಡಿಸಲು ಹೋದ. ನಾನು ರೆಕಾರ್ಡರನ್ನು ಮೆಲ್ಲಗೆ ನನ್ನ ಗಡಿಗೆಯ ಹತ್ತಿರಕ್ಕೆ ತಳ್ಳಿದೆ. ಅವನು ಬರುವ ಹೊತ್ತಿಗೆ ಅದು ಮತ್ತೆ ಗೆರೆಯ ಮೇಲಿತ್ತು.

ಕ್ಯಾಸೆಟ್ ಹಾಕಿ ಕೇಳಿದರೆ ನನ್ನದೇ ಜೋರು. ಅಣ್ಣ ನನ್ನ ಮುಖವನ್ನೇ ನೋಡಿದ. "ಆತು, ನಿಂದೇ ಗೆದ್ದೈತೆ" ಎಂದ. ನಾನು ಕುಣಿದಾಡಿದೆ.

ಹಬ್ಬದ ದಿನ ಪೆಂಡಾಲಿನಲ್ಲಿ ಅದು ಗುಂಯ್ ಎಂದಿತಷ್ಟೆ. ಕೆರೆ ಏರಿ ಇರಲಿ, ಪಕ್ಕದ ಮನೆಗೂ ಹಾಡು ತಿಳಿಯಲಿಲ್ಲ. "ಏನ್ರಲೇ, ನಿಮ್ ಗಣಪ್ಪಗೆ ನೆಗಡಿ ಆಗೈತಾ?" ಎಂದು ಮೇಲಿನ ಓಣಿಯ ಹುಡುಗರು ಬಿದ್ದುಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಅಣ್ಣನೇ. ನಾನು ಮಾತ್ರ ಕೈಯಲ್ಲಿದ್ದ ಕಡುಬನ್ನು ಹಾಗೇ ಹಿಡಿದು ಪೆಂಡಾಲಿನ ಹಿಂದೆ ಹೋಗಿ ನಿಂತೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಓದಿದ್ದು ಮರೆತಿದ್ದೇನೆ, ಇದು ಮರೆತಿಲ್ಲ.

ಮೊನ್ನೆ ಅಣ್ಣನ ಮಗ ಹೊಸ ಸ್ಪೀಕರ್ ಮುಂದೆ ಫೋನ್ ಹಿಡಿದು ಸದ್ದು ಅಳೆಯುತ್ತಿದ್ದ. ತಡೆಯಲಾಗದೆ ಅಣ್ಣನಿಗೆ ಎಲ್ಲ ಹೇಳಿಬಿಟ್ಟೆ.

"ಅವತ್ತೇ ಗೊತ್ತಿತ್ತು ಕಣೇ. ಕ್ಯಾಸೆಟ್ನಾಗೆ ನಿನ್ ಬಳೆ ಸದ್ದು ಬಂದಿತ್ತಲ್ಲ."

"ಮತ್ತೆ ನನ್ ಗಡಿಗೇನೇ ಯಾಕೆ ಒಯ್ದೆ?"

"ನೀನು ಕುಣಿತಿದ್ದೆಯಲ್ಲೇ."

ಫೋನಿನಲ್ಲಿ ಅಂಕಿಗಳು ಏರಿ ಇಳಿಯುತ್ತಿದ್ದವು. ಓಡಿಸಲು ಅಂಗಳದಲ್ಲಿ ಹುಂಜವಿಲ್ಲ, ಗದರಲು ಅವ್ವನಿಲ್ಲ, ಆ ಗಡಿಗೆ ಎಂದೋ ಒಡೆಯಿತು. ಕ್ಯಾಸೆಟ್ಟೊಂದು ಉಳಿದಿದ್ದರೆ ಸಾಕಿತ್ತು. ಆ ಸೊಯ್ ಸದ್ದಿನ ನಡುವೆ ನನ್ನ ಬಳೆ ಕಿಣಿಗುಟ್ಟುವುದನ್ನು ಒಮ್ಮೆ, ಅಣ್ಣನ ಪಕ್ಕ ಕೂತು ಕೇಳುತ್ತಿದ್ದೆ.