ಮೂತಿ ಬಸ್ಸಿನ ಮನೆ

ಹೊಸೂರಿನ ಹೊರವಲಯದ ಆಲಸನತ್ತಂ ಕಡೆ ಆಗಿನ್ನೂ ಮನೆಗಳು ಕಡಿಮೆ. ಅಲ್ಲೊಂದು ಖಾಲಿ ಜಾಗದಲ್ಲಿ, ಹುಣಸೆಮರದ ಪಕ್ಕ, ಹಳೆಯ ಬಸ್ಸೊಂದು ನಿಂತಿತ್ತು. ಎಂಜಿನ್ನು ಮುಂದಕ್ಕೆ ಚಾಚಿಕೊಂಡಿದ್ದ ಹಳೇ ಕಾಲದ ಗಾಡಿ; ನಾವು ಅದನ್ನು ಮೂತಿ ಬಸ್ಸು ಅನ್ನುತ್ತಿದ್ದೆವು. ಅದರೊಳಗೆ ಒಬ್ಬ ಮೇಸ್ತ್ರಿ ಮತ್ತು ಅವರ ಹೆಂಡತಿ ಸಂಸಾರ ಮಾಡಿಕೊಂಡಿದ್ದರು. ಹೆಂಡತಿಯನ್ನು ನಾವು ಅಕ್ಕ ಅನ್ನುತ್ತಿದ್ದೆವು.

ಮೇಸ್ತ್ರಿ ಬಸ್ಸುಗಳಿಗೆ ಮರದ ಬಾಡಿ ಕಟ್ಟುತ್ತಿದ್ದ ಬಡಗಿ. ಕೃಷ್ಣಗಿರಿಯ ಒಂದು ಶೆಡ್ಡಿನಲ್ಲೇ ಅವರ ವಯಸ್ಸು ಕಳೆದಿತ್ತು. ಕಬ್ಬಿಣದ ಬಾಡಿಗಳು ಬಂದಮೇಲೆ ಅವರ ಕೈಗೆ ಕೆಲಸ ಇಲ್ಲವಾಯಿತು. ಮಕ್ಕಳಿರಲಿಲ್ಲ. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಪಾತ್ರೆಪಗಡ ಹೊತ್ತು ಬೇಸತ್ತಿದ್ದ ಅಕ್ಕ, ಯಾರೂ ಬಂದು ಖಾಲಿ ಮಾಡಿ ಅನ್ನದಂಥ ಒಂದು ಸೂರು ಸಿಕ್ಕರೆ ಸಾಕು ಅಂದಿದ್ದರಂತೆ. ಅದೇ ಹೊತ್ತಿಗೆ ಬಸ್ಸಿನ ಮಾಲೀಕರೊಬ್ಬರು ಈ ಗಾಡಿಯನ್ನು ಗುಜರಿಗೆ ಹಾಕಲು ಹೊರಟಿದ್ದರು. ಅದರ ಬಾಡಿ ಕಟ್ಟಿದ್ದು ಮೇಸ್ತ್ರಿಯೇ. ಹೋಗಿ ಕೇಳಿ ತಂದುಬಿಟ್ಟರು.

ನಾನು ಬಾಗಲೂರು ಹತ್ತಿರದ ಹಳ್ಳಿಯವನು, ರಾಗಿ ಹೊಲದ ಮನೆಯಿಂದ ಬಂದವನು. ಹೊಸೂರಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಸೇರಿ ಎರಡು ವರ್ಷವಾಗಿತ್ತು. ಒಂದು ಭಾನುವಾರ ಸೈಕಲ್ಲಿನಲ್ಲಿ ಹೋಗುವಾಗ ಬಸ್ಸಿನ ಮೆಟ್ಟಿಲ ಮುಂದೆ ರಂಗೋಲಿ ಕಂಡು ನಿಂತೆ. ಮೇಸ್ತ್ರಿ ಒಳಗೆ ಕರೆದು ತೋರಿಸಿದರು. ತೇಗದ ಚೌಕಟ್ಟು, ಬೆಂಚುಗಳನ್ನೇ ಕಡಿದು ಮಾಡಿದ ಕಪಾಟು, ಹಗಲು ಮಡಚಿಡುವ ಮಂಚ. ಕಂಡಕ್ಟರು ಎಳೆಯುವ ಗಂಟೆಯ ಹಗ್ಗವನ್ನು ಹಾಗೇ ಬಿಟ್ಟಿದ್ದರು. ಊಟಕ್ಕೆ ಕರೆಯಲು ಅಕ್ಕ ಅದನ್ನು ಎಳೆಯುತ್ತಿದ್ದರು. ಒಂದೇ ಒಂದು ಮೊಳೆಯ ತಲೆ ಕಣ್ಣಿಗೆ ಬೀಳುತ್ತಿರಲಿಲ್ಲ. ನನಗೆ ಹುಚ್ಚು ಹಿಡಿದದ್ದು ಅವತ್ತೇ.

ಮುಂದಿನ ವಾರ ನನ್ನ ಜೊತೆ ಇನ್ನಿಬ್ಬರು ಬಂದರು, ಲೇತ್ ಮೇಲೆ ಕೆಲಸ ಮಾಡುವವನೊಬ್ಬ, ತಮಿಳು ಮಾತಾಡುವ ಎಲೆಕ್ಟ್ರಿಷಿಯನ್ ಒಬ್ಬ. ಆಮೇಲೆ ಪ್ರತಿ ಭಾನುವಾರ ನಮ್ಮ ಠಿಕಾಣಿ ಅಲ್ಲೇ. ಬಾನೆಟ್ಟು ಎತ್ತುವುದು, ಒರೆಸುವುದು, ಹೊಗಳುವುದು. ಅಕ್ಕ ಮೂವರಿಗೂ ಮುದ್ದೆ ಸಾರು ಬಡಿಸುತ್ತಿದ್ದರು.

ಇಷ್ಟು ಒಳ್ಳೆಯ ಗಾಡಿ ಸುಮ್ಮನೆ ನಿಂತಿರಬಾರದು, ಓಡಬೇಕು ಎಂದು ಶುರುಮಾಡಿದವನು ನಾನು. ಮೇಸ್ತ್ರಿಗೆ ಮನಸ್ಸಿರಲಿಲ್ಲ.

"ಇದು ಮನೆ ಕಣ್ಲಾ. ಮನೇನ ಯಾರಾನ ಓಡಿಸ್ತಾರಾ?" ಅಂದರು.

ನಾವು ಬಿಡಲಿಲ್ಲ. ಆರು ತಿಂಗಳು ಎಂಜಿನ್ನು ಬಿಚ್ಚಿ ಕಟ್ಟಿದೆವು. ಅದು ಗುಡುಗಿದ ದಿನ ಮೇಸ್ತ್ರಿಯ ಮುಖವೂ ಅರಳಿತು. ಎಂದೋ ಬಸ್ಸು ಓಡಿಸಿ ಅಭ್ಯಾಸವಿದ್ದವರು, ಸ್ಟೇರಿಂಗಿಗೆ ತಾವೇ ಕೂತರು.

ಸೀಮೆಎಣ್ಣೆ ಸ್ಟೌ ಇಡಲು ಕಬ್ಬಿಣದ ಸ್ಟ್ಯಾಂಡು ಮಾಡಿಕೊಟ್ಟವನು ನಾನೇ. ನಾಲ್ಕು ಕಾಲು, ನಾಲ್ಕು ಬೋಲ್ಟು. ಕೂರಿಸುವಾಗ ಒಂದು ಕಡೆ ನೆಲದ ಹಲಗೆ ಕೊಳೆತು ಲಡ್ಡಾಗಿತ್ತು, ಬೋಲ್ಟು ಹಿಡಿಯಲಿಲ್ಲ. ಎರಡೇ ಬಿಗಿದೆ. ಹಲಗೆ ಬದಲಾಯಿಸಿ ಮಿಕ್ಕಿದ್ದು ಹಾಕೋಣ ಅಂದುಕೊಂಡೆ. ಮೇಸ್ತ್ರಿಗೆ ಹೇಳಿದ್ದರೆ ಅರ್ಧ ಗಂಟೆಯ ಕೆಲಸ. ಹೇಳಲಿಲ್ಲ. ಫಿಟ್ಟರ್ ಮಾಡಿದ ಕೆಲಸಕ್ಕೆ ಬಡಗಿ ಕೈಹಾಕುವುದು ನನಗೆ ಬೇಕಿರಲಿಲ್ಲ.

ಕೃಷ್ಣಗಿರಿ ಅಣೆಕಟ್ಟಿಗೆ ಹೋಗಿಬರೋಣ ಎಂದು ಒಂದು ರಜೆಯ ದಿನ ಬೆಳಗ್ಗೆ ಹೊರಟೆವು. ರಸ್ತೆಯಲ್ಲಿ ಜನ ನಿಂತು ನೋಡುತ್ತಿದ್ದರು. ಶೂಳಗಿರಿ ಬರುವ ಹೊತ್ತಿಗೆ ನಮಗೆ ಹೆಮ್ಮೆಯಿಂದ ತಲೆ ತಿರುಗಿತ್ತು. ಓಡುವ ಬಸ್ಸಿನಲ್ಲೇ ಕಾಫಿ ಕುಡಿಯಬೇಕು ಅಂದೆ. ಎಲ್ಲಾದರೂ ನಿಲ್ಲಿಸಿದ ಮೇಲೆ ಕಾಸುತ್ತೇನೆ ಅಂದರು ಅಕ್ಕ. ನಿಂತ ಬಸ್ಸಿನಲ್ಲಿ ದಿನಾ ಕುಡೀತೀವಲ್ಲ ಅಕ್ಕ ಎಂದು ಮತ್ತೆ ಮತ್ತೆ ಕಾಡಿದೆ. ಅವರು ನಕ್ಕು ಸ್ಟೌ ಹಚ್ಚಿದರು.

ಇಳಿಜಾರಿನಲ್ಲಿ ಎತ್ತಿನಗಾಡಿಯೊಂದು ಅಡ್ಡ ಬಂತು. ಮೇಸ್ತ್ರಿ ಬ್ರೇಕ್ ತುಳಿದರು. ಸ್ಟ್ಯಾಂಡು ಬೋಲ್ಟಿಲ್ಲದ ಕಡೆಯಿಂದ ಎದ್ದು ಅಕ್ಕನ ಮೇಲೆ ಮಗುಚಿತು. ಕುದಿಯುವ ನೀರು, ಅದರ ಹಿಂದೆಯೇ ಎಣ್ಣೆ, ಬೆಂಕಿ. ಕಂಬಳಿ ಹೊದಿಸಿ ಆರಿಸುವಷ್ಟರಲ್ಲಿ ಬಲಗೈ, ಕತ್ತು, ಎದೆ ಬೆಂದಿದ್ದವು.

ಬೇರೆ ಗಾಡಿಗೆ ಕಾಯಲಿಲ್ಲ. ಅದೇ ಬಸ್ಸಿನಲ್ಲಿ, ಅದೇ ಮಂಚದ ಮೇಲೆ ಮಲಗಿಸಿಕೊಂಡು ಕೃಷ್ಣಗಿರಿಯ ಆಸ್ಪತ್ರೆಗೆ ಹೋದೆವು. ಮೇಸ್ತ್ರಿ ಒಂದು ಸಲವೂ ಹಿಂದಿರುಗಿ ನೋಡದೆ ಓಡಿಸಿದರು. ಅಕ್ಕ ಹಲ್ಲು ಕಚ್ಚಿಕೊಂಡು ಬಸ್ಸಿನ ಚಾವಣಿ ನೋಡುತ್ತಿದ್ದರು.

ಬದುಕಿಕೊಂಡರು. ಆದರೆ ಬಲಗೈ ಬೆರಳುಗಳು ಒಂದಕ್ಕೊಂದು ಅಂಟಿಕೊಂಡು ಸೆಟೆದುಹೋದವು. ಆ ಬಸ್ಸಿಗೆ ಮತ್ತೆ ಕಾಲಿಡುವುದಿಲ್ಲ ಅಂದರು. ಮೇಸ್ತ್ರಿ ಬಸ್ಸನ್ನು ಮತ್ತೆ ಹುಣಸೆಮರದ ಪಕ್ಕ ನಿಲ್ಲಿಸಿ, ಪಕ್ಕದ ಬೀದಿಯಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದರು. ನನ್ನ ಇಬ್ಬರು ಗೆಳೆಯರು ಒಂದೆರಡು ಸಲ ಬಂದು ಆಮೇಲೆ ಬರುವುದು ನಿಲ್ಲಿಸಿದರು. ನಾನು ಮಾತ್ರ ಭಾನುವಾರ ತಪ್ಪಿಸಲಿಲ್ಲ. ಮೇಸ್ತ್ರಿ ಮಾಡಿದ ಅಡುಗೆಯನ್ನು ಅಕ್ಕ ಎಡಗೈಯಲ್ಲಿ ನನಗೆ ಬಡಿಸುತ್ತಿದ್ದರು.

ಬಡಿಸುತ್ತಾ, ಗಂಡನಿಗೆ ಕೇಳುವ ಹಾಗೆ ಹೇಳುವರು: "ಎತ್ತಿನಗಾಡಿ ಅಷ್ಟು ದೂರದಲ್ಲೇ ಕಾಣ್ತಿತ್ತು ತಮ್ಮಾ. ನಿಧಾನ ಮಾಡ್ಬೋದಿತ್ತು. ಇವ್ರಿಗೆ ಬಸ್ಸೇ ದೊಡ್ಡದಾಗೋಯ್ತು."

ಮೇಸ್ತ್ರಿ ಉಳಿ ಮಸೆಯುತ್ತಾ ಕೂತಿರುತ್ತಿದ್ದರು. ನಾನು ತಟ್ಟೆ ನೋಡುತ್ತಿದ್ದೆ.

ಒಂದು ವರ್ಷ ಕಳೆದ ಮೇಲೆ ತಡೆಯಲಾಗಲಿಲ್ಲ. ಹುಣಸೆಮರದ ಕೆಳಗೆ ಮೇಸ್ತ್ರಿಗೆ ಬೋಲ್ಟಿನ ವಿಷಯ ಹೇಳಿದೆ. ಅವರು ಬೀಡಿ ಹಚ್ಚಿದರು.

"ಗೊತ್ತು ಕಣ್ಲಾ," ಅಂದರು. "ಆಸ್ಪತ್ರೆಯಿಂದ ಬಂದು ಒಳಗೆ ತೊಳೀವಾಗ್ಲೇ ನೋಡ್ದೆ."

"ಮತ್ತೆ ಯಾಕೆ ಕೇಳ್ಲಿಲ್ಲ ಮೇಸ್ತ್ರಿ?"

"ಕೇಳಿದ್ರೆ ನೀನೂ ಬರೋದು ಬುಟ್ಬುಡ್ತಿದ್ದೆ."

ಅಕ್ಕನಿಗೆ ನಾನೇ ಹೇಳುತ್ತೇನೆ ಅಂದೆ. ಅವರು ನನ್ನ ತೋಳು ಹಿಡಿದುಕೊಂಡರು.

"ಬ್ಯಾಡ. ನನ್ನ ಮೇಲೆ ಕ್ವಾಪ ಮಾಡ್ಕಂಡು ಹೆಂಗೋ ಬದುಕವ್ಳೆ. ಭಾನುವಾರ ಆದ್ರೆ ನೀನು ಬತ್ತೀಯ ಅಂತ ತಲೆ ಬಾಚ್ಕಂಡು ಕೂತಿರ್ತಾಳೆ. ಅದನ್ನೂ ಕಿತ್ಕಬ್ಯಾಡ."

ಆ ಮಾತು ಅವರ ದೊಡ್ಡತನ ಎಂದು ಈಗ ಬರೆಯುವುದು ಸುಲಭ. ಅವತ್ತು ನನಗೆ ಅನ್ನಿಸಿದ್ದು ಬೇರೆ. ಮೈ ಹಗುರವಾಯಿತು. ಮರುವಾರ ಹೋಗಿ ಅಕ್ಕನ ಮುಂದೆ ಕೂತು ಉಂಡೆ. ಅವರು ಗಂಡನನ್ನು ಬೈದರು, ನಾನು ಕೇಳಿಸಿಕೊಂಡೆ. ಹಾಗೆ ಮೂರು ವರ್ಷ ನಡೆಯಿತು. ಮೂರನೆಯ ವರ್ಷದ ಕೊನೆಗೆ ಜ್ವರ ಬಂದು ಎಂಟೇ ದಿನದಲ್ಲಿ ಅಕ್ಕ ಹೋಗಿಬಿಟ್ಟರು. ಮಲಗಿದ್ದಾಗಲೂ ನೀರು ಕುಡಿಸಲು ಗಂಡನ ಕೈ ಬೇಡ ಅಂದು ನನ್ನನ್ನು ಕರೆದರು. ಕುಡಿಸಿದೆ.

ಆಮೇಲೆ ಆ ಬಸ್ಸಿನ ಸುದ್ದಿ ಕೇಳಿ ಬೆಂಗಳೂರಿನಿಂದ ಹಳೇ ಗಾಡಿಗಳ ಹುಚ್ಚಿನವರು ಕ್ಯಾಮೆರಾ ಹಿಡಿದು ಬಂದರು. ಎಂಥಾ ಕೆಲಸ, ಎಂಥಾ ಮರ ಎಂದು ಸುತ್ತು ಬಂದು ಮುಟ್ಟಿ ನೋಡಿದರು. ಕೊಂಡುಕೊಳ್ಳುತ್ತೇವೆ ಅಂದರು. ಅವ್ಳು ಬೆಂದ ಜಾಗನ ಇನ್ನೊಬ್ರು ನೋಡಾದು ಬ್ಯಾಡ ಅಂದು ಮೇಸ್ತ್ರಿ ಕೊಡಲಿಲ್ಲ. ಅವರು ಹೋದ ಮೇಲೆ ನನ್ನನ್ನು ಕರೆದು ಬಾಡಿ ಬಿಚ್ಚಲು ಶುರುಮಾಡಿದರು. ನಾಲ್ಕು ಭಾನುವಾರ ಇಬ್ಬರೂ ಮೊಳೆ ಕಿತ್ತೆವು.

ಧರ್ಮಪುರಿ ಕಡೆ ಮೇಸ್ತ್ರಿಯ ತಂಗಿಯ ಮಗನಿದ್ದ, ಅವನ ಮನೆಗೆ ಹೊರಟರು. ಹೊಸೂರಿನಲ್ಲಿ ನಾನೇ ಬಸ್ಸು ಹತ್ತಿಸಿದೆ. ಬತ್ತಾ ಇರ್ಲಾ ಅಂದರು. ಬತ್ತೀನಿ ಅಂದೆ. ಆಮೇಲೆ ಶಿಫ್ಟು ಬದಲಾಯಿತು, ಮದುವೆಯಾಯಿತು, ಹೋಗಲಿಲ್ಲ. ಅವರು ತೀರಿಕೊಂಡ ಸುದ್ದಿಯನ್ನು ಆ ಎಲೆಕ್ಟ್ರಿಷಿಯನ್ ಕ್ಯಾಂಟೀನಿನಲ್ಲಿ ಹೇಳಿದಾಗ, ತಿಥಿ ಮುಗಿದು ತಿಂಗಳಾಗಿತ್ತು.